ಅಸದನ ಲೋಡು, ನಮ್ಮ ಓಣಿಯ ಸುಣ್ಣ

ಕೊಳೆತ ಮೊಟ್ಟೆಯ ವಾಸನೆ ಒಮ್ಮೆ ಮೂಗಿಗೆ ಹೊಕ್ಕಿತೆಂದರೆ ಊಟ ಸೇರುವುದಿಲ್ಲ. ಆ ಹೊಲಸನ್ನು ಸವಣೂರಿನ ನಮ್ಮ ಓಣಿಗೆ ತಂದವನು ಬ್ಯಾಟರಿ ಮಾರುವ ಶಿವಾನಂದ. ಅವನ ಹೆಸರೆತ್ತಿದರೆ ಇವತ್ತಿಗೂ ನನಗೆ ಉಗುಳಬೇಕೆನಿಸುತ್ತದೆ.

ನಾನು ಫಕ್ಕೀರೇಶ, ವೀಳ್ಯದೆಲೆ ಮಾರುವವನು. ಎಲೆಗೆ ಕಾಸು, ಸುಣ್ಣ ಪುಕ್ಕಟೆ. ಸುಣ್ಣ ಇಲ್ಲ ಎನ್ನುವ ರೂಢಿ ನಮ್ಮಲ್ಲಿಲ್ಲ. ಆಗದವನು ಬಂದು ಬೆರಳು ಚಾಚಿದರೂ ಡಬ್ಬಿ ಮುಂದೆ ಮಾಡಬೇಕು. ನನ್ನ ಅಂಗಡಿಗೆ ಅಂಟಿಕೊಂಡೇ ಅಸದನ ರಿಪೇರಿ ಅಂಗಡಿ. ಟಿವಿ, ಮಿಕ್ಸರ್, ಹೊಲಕ್ಕೆ ಎಣ್ಣೆ ಹೊಡೆಯುವ ಪಂಪು, ಏನು ಕೆಟ್ಟರೂ ಅವನ ಮೇಜಿಗೇ ಬರುತ್ತದೆ. ರೇಡಿಯೋ ಕಾಲದಲ್ಲಿ ಅದೇ ಮೇಜಿನ ಮುಂದೆ ಕೂತಿದ್ದ ಅವನ ಅಪ್ಪ ಇಸ್ಮಾಯಿಲಸಾಬರು ಈಗ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಎಲೆ ಮೆಲ್ಲುತ್ತಾರೆ. ಅಸದ ಎಲೆ ಮುಟ್ಟುವವನಲ್ಲ. ಮಾತೂ ಕಡಿಮೆ, ಸಿಟ್ಟೂ ಕಡಿಮೆ. ಅವನ ಪಾಲಿನದನ್ನೂ ದೇವರು ನನಗೇ ಕೊಟ್ಟಿದ್ದಾನೆ.

ಅವನ ತಂಗಿ ಶಬನಮ ಹಿತ್ತಲಲ್ಲಿ ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆ ಇಟ್ಟುಕೊಂಡು ಜವಾರಿ ಕೋಳಿಮರಿ ಮಾಡಿ ಮಾರುತ್ತಾಳೆ. ಕರೆಂಟು ಹೋದಾಗ ಪೆಟ್ಟಿಗೆ ತಣ್ಣಗಾಗಬಾರದೆಂದು ಶಿವಾನಂದನ ಹತ್ತಿರ ಹೊಸ ಬ್ಯಾಟರಿ ತಂದಳು. "ಮುಂಜಾನೆ ಹಚ್ಚಿದ್ರ ಸಂಜಿತನಕ ಅಳ್ಳಾಡೂದಿಲ್ಲ" ಎಂದು ಅವನು ಆಣೆ ಮಾಡಿದ್ದ. ಆಕೆ ಹಾನಗಲ್ಲಿಗೆ ಮದುವೆಗೆ ಹೋದ ದಿನವೇ ಕರೆಂಟು ಹೋಯಿತು, ಬ್ಯಾಟರಿ ಸ್ವಲ್ಪ ಹೊತ್ತಿಗೇ ಕೈಕೊಟ್ಟಿತು. ತಣ್ಣಗಾದ ಮೊಟ್ಟೆಯೊಳಗೆ ಮರಿಗಳು ಸತ್ತವು. ಕರೆಂಟು ಬಂದ ಮೇಲೆ ಮೊಟ್ಟೆಗಳು ಅದೇ ಕಾವಿನಲ್ಲಿ ಕೊಳೆತು ಟಪ್ ಟಪ್ ಎಂದು ಒಡೆದವು. ಶಬನಮ ಮೂಗಿಗೆ ಓಡ್ನಿ ಕಟ್ಟಿಕೊಂಡು ಬುಟ್ಟಿ ಹೊತ್ತು ಹೋಗಿ ಹೂಳಿ ಬಂದಳು. ಅಳು ತಡೆಯುತ್ತಿದ್ದಳೋ ವಾಂತಿ ತಡೆಯುತ್ತಿದ್ದಳೋ ತಿಳಿಯಲಿಲ್ಲ.

ನಾನೂ ಅಸದನೂ ಕೇಳಲು ಹೋದರೆ ಶಿವಾನಂದ ಬಾಯಲ್ಲಿದ್ದ ಹಲ್ಲುಕಡ್ಡಿಯನ್ನೂ ತೆಗೆಯಲಿಲ್ಲ. "ನಮ್ಮ ಬ್ಯಾಟರಿ ಬಂಗಾರ ಐತಿ. ನಿಮ್ಮ ಪೆಟಗೀನ ಕರೆಂಟ್ ನುಂಗಾಕತ್ತೈತಿ, ಅದಕ್ಕ ನಾ ಏನ್ ಮಾಡ್ಲಿ?"

ಶಬನಮ ಮತ್ತೆ ಪೆಟ್ಟಿಗೆಗೆ ಮೊಟ್ಟೆ ತುಂಬಿದಳು. ಅಷ್ಟರಲ್ಲಿ, ಬರುವ ಮಂಗಳವಾರ ಹಗಲಿಡೀ ಕರೆಂಟು ಇರುವುದಿಲ್ಲವೆಂದು ಸುದ್ದಿ ಬಂತು. "ಈ ಸಲಾನೂ ಸತ್ರ ಪೆಟಗಿ ಮಾರಿಬಿಡ್ತೇನಿ, ಭಾಯಿ. ಆ ನಾತ ಇನ್ನೊಮ್ಮಿ ನನ್ನ ಕೈಲಿ ಆಗೂದಿಲ್ಲ" ಎಂದಳು.

"ಬ್ಯಾಟರಿನ ಸತ್ತೈತಂತ ಬಲ್ಬ್ ಹಚ್ಚಿ ತೋರಸಲೇನು ಆ ಶಿವಾನಂದಗ?" ಎಂದೆ ನಾನು.

"ಬ್ಯಾಟರಿ ಸೋತಂಗ ಬಲ್ಬೂ ಕರೆಂಟ್ ಕಡಿಮಿ ಎಳೀತೈತಿ, ಫಕ್ಕೀರಣ್ಣ. ಅವಾ ಮತ್ತ ತಕರಾರ ತಗೀತಾನ. ಎಷ್ಟು ಎಳೀಬೇಕಂತ ನಾವು ಹೇಳಿದ್ರ ಅಷ್ಟ ಎಳಿಯೂ ಲೋಡ್ ಬೇಕು, ಬ್ಯಾಟರಿ ತಾಕತ್ತು ಅಳಿಯಾಕ" ಎಂದ ಅಸದ.

ಕಟ್ಟಲು ಕೂತೇಬಿಟ್ಟ. ಕೆಟ್ಟ ಯುಪಿಎಸ್‌ನಿಂದ ಅಲ್ಯೂಮಿನಿಯಂ ತಟ್ಟೆ ಕಿತ್ತ, ಹಳೆ ಕಂಪ್ಯೂಟರಿನ ಫ್ಯಾನು ಕಟ್ಟಿದ. ಗುಂಡಿ ತಿರುವಿದಷ್ಟು ಕರೆಂಟು ಬಿಡುವ ಮಾಸ್‌ಫೆಟ್ ಎಂಬ ಪುಟ್ಟ ಕರಿ ತುಂಡನ್ನು ಆ ತಟ್ಟೆಗೆ ಬಿಗಿದ. ಬ್ಯಾಟರಿಯ ಶಕ್ತಿಯೆಲ್ಲ ಅಲ್ಲಿ ಬಿಸಿಯಾಗಿ ಹೋಗಬೇಕು. ಬಿಸಿ ಸರಾಗವಾಗಿ ತಟ್ಟೆಗೆ ಇಳಿಯಲೆಂದು ನಡುವೆ ಒಂದು ಬಿಳಿ ಪೇಸ್ಟು ಸವರುತ್ತಾರೆ. ಮೊದಲು, ಬ್ಯಾಟರಿಯ ಬಲ ತೋರಿಸಲು ಕೂರಿಸಿದ್ದ ಮೀಟರು ಒಂದು ಕಡೆ ನಿಲ್ಲದೆ ನಡುಗಿತು. ವೈರು ಗಿಡ್ಡ ಮಾಡಿದ, ನಿಂತಿತು. ಆಮೇಲೆ ಶುರುವಾಯಿತು ಪೀಡೆ. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಮಾಸ್‌ಫೆಟ್ ಚಟ್ ಎಂದು ಸುಟ್ಟಿತು. ಹೊಸದು ಹಾಕಿದ, ಅದೂ ಸುಟ್ಟಿತು. ನಕಲಿ ಮಾಲೆಂದು ಬೇರೆ ಅಂಗಡಿಯದನ್ನು ತರಿಸಿದ, ಅದೂ ಹೋಯಿತು. ಬೆಸುಗೆಯೆಲ್ಲ ಬಿಚ್ಚಿ ಮತ್ತೆ ಹಾಕಿದ. ಸುಟ್ಟ ಪ್ಲಾಸ್ಟಿಕ್ಕಿನ ಕಮಟು ನನ್ನ ಎಲೆಗೂ ಹತ್ತಿ ಗಿರಾಕಿಗಳು ಮೂಗು ಮುರಿದರು. ತಟ್ಟೆ ಮುಟ್ಟಿದರೆ ಮಾತ್ರ ತಣ್ಣಗೇ ಇತ್ತು.

ಸೋಮವಾರ ಬೆಳಿಗ್ಗೆ ಅಸದ ತಲೆಗೆ ಕೈಹೊತ್ತು ಕೂತಿದ್ದ. ಸಮಾಧಾನ ಹೇಳೋಣವೆಂದು ಹೋಗಿ ಎದುರಿಗೆ ಕೂತೆ, ಎಲೆ ತೆಗೆದೆ. ನನ್ನ ಸುಣ್ಣದ ಡಬ್ಬಿ ಅಂಗಡಿಯಲ್ಲೇ ಉಳಿದಿತ್ತು. "ಸುಣ್ಣ ಐತೇನಪಾ?"

"ಅಲ್ಲೈತಿ ನೋಡು, ಅಬ್ಬಾನ ಡಬ್ಬಿ." ಇಸ್ಮಾಯಿಲಸಾಬರು ಆ ವಾರ ಹಿರೇಕೆರೂರಿನ ನೆಂಟರ ಮನೆಗೆ ಹೋಗಿದ್ದರು, ಡಬ್ಬಿ ಇಲ್ಲೇ ಬಿಟ್ಟಿದ್ದರು.

ಧಾರಾಳವಾಗಿ ಸವರಿ ಬಾಯಿಗಿಟ್ಟೆ, ಅಗಿದೆ. ಥೂ! ಸುಣ್ಣದ ಖಾರವಿಲ್ಲ, ಒಗರಿಲ್ಲ. ಗಾಡಿಯ ಗ್ರೀಸು ನೆಕ್ಕಿದ ಹಾಗೆ ನಾಲಿಗೆಗೆ ಅಂಟಿಕೊಂಡಿತು. ಹೊರಗೋಡಿ ಕಾರಿದೆ, ಚೊಂಬು ನೀರೆಲ್ಲ ಮುಗಿಯಿತು.

"ಏನಿಟ್ಟಿಯಲೇ ಇದರಾಗ, ಹೇಸಿ! ಇದು ಸುಣ್ಣೇನಲೇ?"

ಅಸದ ಡಬ್ಬಿ ಮೂಸಿದ. ಪಕ್ಕದ ಇನ್ನೊಂದು ಡಬ್ಬಿ ತೆಗೆದ, ಅದೂ ಅದರ ಅವಳಿಯೇ, ಒಳಗೆ ಮಾತ್ರ ಅಸಲಿ ಸುಣ್ಣ. ಪೇಸ್ಟಿನ ಪಾಕೀಟು ಹರಿದಿತ್ತೆಂದು ಅಪ್ಪನ ಖಾಲಿ ಸುಣ್ಣದ ಡಬ್ಬಿಗೆ ತುಂಬಿಟ್ಟುಕೊಂಡಿದ್ದ ಪುಣ್ಯಾತ್ಮ. ಮಾಸ್‌ಫೆಟ್ ಬಿಚ್ಚಿದ. ಕೆಳಗೆ ಒಣಗಿ ಬಿರುಕುಬಿಟ್ಟ ಸುಣ್ಣ! ಬಿಸಿ ತಟ್ಟೆಗೆ ಇಳಿಯದೆ ಒಳಗೇ ಕುದ್ದು ಒಂದೊಂದೂ ಸುಟ್ಟಿದ್ದವು.

"ನೀ ಉಗುಳಿದ್ದು ಛಲೋ ಆತು, ಫಕ್ಕೀರಣ್ಣ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಕೆರೆದು, ಒರೆಸಿ, ಪೇಸ್ಟು ಸವರಿದ. ಲೋಡು ಈ ಸಲ ಸುಡದೆ ನಡೆಯುತ್ತಲೇ ಇತ್ತು. ಅದಕ್ಕೆ ಹಚ್ಚಿದ ಶಬನಮಳ ಬ್ಯಾಟರಿ ಮಾತ್ರ ಒಂದು ಸಿನಿಮಾ ಮುಗಿಯುವಷ್ಟೂ ಬಾಳಲಿಲ್ಲ. ಮೂಲೆಯಲ್ಲಿ ಉಗುರಿನಿಂದ ಕೆರೆದರೆ ಕರಿ ಬಣ್ಣ ಎದ್ದು ಬಂತು, ಅಡಿಯಲ್ಲಿ ಯಾವುದೋ ಕಾಲದ ಧೂಳು. ಹಳೆ ಬ್ಯಾಟರಿಗೆ ಬಣ್ಣ ಬಳಿದು ಹೊಸದೆಂದು ಮಾರಿದ್ದ.

ಮಧ್ಯಾಹ್ನ ಅಸದನ ಬೈಕಿನ ಹಿಂದೆ ಲೋಡನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಶಿವಾನಂದನ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. "ಗುಜರಿ ಸಾಮಾನು ಕಟಗೊಂಡು ಬಂದು ನನ್ನ ಮಾಲಿಗೆ ಹೆಸರಿಡ್ತಿಯೇನೋ?" ಎಂದ ಶಿವಾನಂದ.

"ಹಂಗಾರ ನೀವ ಛಲೋದೊಂದು ಆರಿಸಿ ಕೊಡ್ರಿ" ಎಂದ ಅಸದ.

ಒಂದು ಕೊಟ್ಟ. ಗುಂಡಿ ತಿರುವಿದ್ದೇ ತಡ, ಮೀಟರು ಕುಸಿಯಿತು. ಇನ್ನೊಂದು, ಅದೂ ಅಷ್ಟೇ. ಮತ್ತೊಂದನ್ನು ಅವನೇ ಹಿಂದಕ್ಕೆ ಸರಿಸಿದ. ಗಿರಾಕಿಗಳು ತಮ್ಮ ಬ್ಯಾಟರಿ ಕೆರೆಯತೊಡಗಿದರು.

ಆಗ ಅಸದ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಆ ಓಣಿಯಲ್ಲೆಲ್ಲ ಆಗ ಕರೆಂಟು ಇರಲಿಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿದ್ದ ಶಿವಾನಂದನ ಸ್ವಂತ ಬ್ಯಾಟರಿಗೆ ಲೋಡು ಹಚ್ಚಿದ. ಗುಂಡಿ ಎಷ್ಟು ತಿರುವಿದರೂ ಮೀಟರು ಕದಲಲಿಲ್ಲ.

ಅಬ್ಬಾ, ಎಂಥಾ ಹಲ್ಕಟ್! ಮಾರುವುದೆಲ್ಲ ಹೆಣ, ತಾನು ಮಾತ್ರ ಅಸಲಿ ಬ್ಯಾಟರಿಯ ಗಾಳಿಯಲ್ಲಿ ಕೂತಿದ್ದ.

"ನಮಗ ಇದ ಬೇಕ್ರಿ" ಎಂದ ಅಸದ, ದನಿ ಏರಿಸದೆ. ಅಷ್ಟು ಜನರ ಎದುರು ಶಿವಾನಂದ ಎದ್ದು ಪಕ್ಕಕ್ಕೆ ಸರಿದ. ಬಿಚ್ಚಿಕೊಂಡೆವು, ಫ್ಯಾನು ನಿಂತಿತು.

ಮಂಗಳವಾರ ಹಗಲೆಲ್ಲ ಪೆಟ್ಟಿಗೆ ಬೆಚ್ಚಗಿತ್ತು. ಮುಂದಿನ ವಾರ ಶಬನಮಳ ಹಿತ್ತಲಿನಿಂದ ಚಿಂವ್ ಚಿಂವ್ ಸದ್ದು ನನ್ನ ಅಂಗಡಿಯವರೆಗೂ ಕೇಳಿಸಿತು.

ಮೊನ್ನೆ ಶಿವಾನಂದ ಏನೂ ಆಗಿಲ್ಲವೆಂಬಂತೆ ನನ್ನ ಅಂಗಡಿಗೆ ಬಂದ. ಎಲೆ ಕೊಂಡ, ತೊಟ್ಟು ಮುರಿದ, ಬೆರಳು ಚಾಚಿದ. ನಮ್ಮಿಬ್ಬರ ನಡುವೆ ಡಬ್ಬಿ ಬಾಯಿ ತೆರೆದುಕೊಂಡು ತುಂಬಿ ಕೂತಿತ್ತು.

ಮುಚ್ಚಳ ಹಾಕಿದೆ. "ಸುಣ್ಣ ಇಲ್ಲ" ಎಂದೆ.