ಬಾಲ್ಕನಿಯಲ್ಲಿ ಒಣಗುತ್ತಿದ್ದ ಬಿಳಿ ಕೋಟು

ನನ್ನ ಮಗಳ ಬಿಳಿ ಕೋಟು ಒಬ್ಬ ರೋಗಿಯನ್ನೂ ಕಂಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಕೊರೊನಾ ಶುರುವಾದಾಗ ಅವಳು ಮೆಡಿಕಲ್ ನಾಲ್ಕನೇ ವರ್ಷದಲ್ಲಿದ್ದಳು. ಜಪಾನಿನ ಯೋಕೋಹಾಮಾದ ನಮ್ಮ ಫ್ಲ್ಯಾಟಿನಲ್ಲಿ ನನ್ನ ಗಂಡ ಊಟದ ಟೇಬಲ್ಲಿನ ಮೇಲೇ ಆಫೀಸು ಹೂಡಿದ್ದರು, ಅವಳ ಕೋಣೆಯೇ ಅವಳ ಕಾಲೇಜು. ವಾರ್ಡಿಗೆ ಹೋಗಿ ರೋಗಿಗಳನ್ನು ನೋಡುವ ತರಬೇತಿಯನ್ನು ಮುಂದೂಡಿದ್ದರು, ಆಮೇಲೆ ಮತ್ತೂ ಮುಂದೂಡಿದರು. ಅಭ್ಯಾಸ ತಪ್ಪಬಾರದೆಂದು ಪ್ರೊಫೆಸರ್ ಒಬ್ಬರು ಕಟ್ಟಪ್ಪಣೆ ಮಾಡಿದರು: ಆನ್‌ಲೈನ್ ಕ್ಲಾಸಿಗೂ ಬಿಳಿ ಕೋಟು ಹಾಕಬೇಕು, ಕೂದಲು ಕಟ್ಟಬೇಕು, ಉಗುರು ಕತ್ತರಿಸಿರಬೇಕು, ಉಂಗುರ ಬಳೆ ಕೂಡದು, ಎದುರಿಗೆ ರೋಗಿ ಕೂತಿದ್ದಾರೆಂದೇ ತಿಳಿಯಬೇಕು. ಅಲ್ಲ ಕಣೇ, ಕ್ಯಾಮೆರಾಗೆ ಏನು ಕಾಯಿಲೆ ಎಂದು ನಾನು ರೇಗಿಸುತ್ತಿದ್ದೆ. ಮೇಲೆ ಇಸ್ತ್ರಿ ಮಾಡಿದ ಕೋಟು, ಕೆಳಗೆ ಮಾಸಿದ ಪೈಜಾಮ! ಅವಳು ಮಾತ್ರ ನಗುತ್ತಿರಲಿಲ್ಲ. ಮೊದಲ ರೋಗಿಗಾಗಿ ಅಷ್ಟು ಹಂಬಲಿಸುತ್ತಿದ್ದಳು. "ಈ ಸ್ಕ್ರೀನ್ ಸಾಕಾಗೋಯ್ತಮ್ಮ. ರಿಯಲ್ ಪೇಷೆಂಟ್ ಒಬ್ರ ಕೈ ಹಿಡ್ಕೊಂಡು ಪಲ್ಸ್ ನೋಡ್ಬೇಕು ನಾನು," ಅನ್ನುತ್ತಿದ್ದಳು.

ಶನಿವಾರ ಆ ಕೋಟನ್ನು ಒಗೆದು ಬಾಲ್ಕನಿಯಲ್ಲಿ ಹರವುವುದು ನನ್ನ ಸಂಭ್ರಮ. ಬಿಸಿಲು ಕಾಣದ ಬಿಳಿ ಬಟ್ಟೆ ಎಷ್ಟು ಒಗೆದರೂ ನನಗೆ ಒಗೆದ ಹಾಗೆ ಅನ್ನಿಸುವುದಿಲ್ಲ. ನಾಲ್ಕು ಜನ ನೋಡಲಿ ಅನ್ನುವ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ನೋಡಿದರು.

ಒಂದು ದಿನ ಕಟ್ಟಡದ ಮ್ಯಾನೇಜರ್ ಬಂದು ಬೆಲ್ ಒತ್ತಿ, ಲಿಫ್ಟಿನವರೆಗೂ ಹಿಂದೆ ಸರಿದು ನಿಂತು ಬಗ್ಗಿದರು. ಸುಮಿಮಾಸೆನ್, ಸುಮಿಮಾಸೆನ್, ಕ್ಷಮಿಸಬೇಕು. ಆಸ್ಪತ್ರೆಯ ಬಟ್ಟೆಯನ್ನು ಹೊರಗೆ ಒಣಗಿಸುವುದರಿಂದ ಅಕ್ಕಪಕ್ಕದವರಿಗೆ ಆತಂಕವಾಗಿದೆಯಂತೆ. ಅಕ್ಕಪಕ್ಕ ಅಂದರೆ ಇನ್ನು ಯಾರು, ಮೂಲೆಯ ಮನೆಯಾದ ನಮಗೆ ಇರುವುದು ಒಂದೇ ಪಕ್ಕ. ಅಲ್ಲಿ ಒಬ್ಬ ಜಪಾನಿ ಅಜ್ಜಿ ಒಂಟಿಯಾಗಿದ್ದರು. ನನ್ನ ಚಕ್ಕುಲಿ ತಿಂದು ಅದೇ ಡಬ್ಬಿಯ ತುಂಬ ಹಣ್ಣು ಕಳಿಸುತ್ತಿದ್ದವರು. ನನ್ನ ಮಗಳು ಪ್ರೈಮರಿ ಸ್ಕೂಲಿನ ಚೀಲ ಹೊತ್ತ ಕಾಲದಿಂದ ಬಲ್ಲವರು.

ನನ್ನ ಪಿತ್ತ ನೆತ್ತಿಗೇರಿತು. "ರೀ, ಬನ್ನಿ ಇಲ್ಲಿ! ಈ ಕೋಟು ಮನೆ ಹೊಸ್ತಿಲೇ ದಾಟಿಲ್ಲ ಅಂತ ಹೇಳಿ ಇವ್ರಿಗೆ."

ನನ್ನ ಗಂಡ ಹೆಡ್‌ಫೋನ್ ಅರ್ಧ ಸರಿಸಿ, "ಸುಮ್ನೆ ಯಾಕೆ ರಂಪ? ಒಳಗೇ ಒಣಗ್ಸು, ಆಯ್ತು," ಅಂದರು.

ಮಗಳು ಬಂದು ಮ್ಯಾನೇಜರಿಗೆ ಬಗ್ಗಿ ಕ್ಷಮೆ ಕೇಳಿದಳು. ಆಮೇಲೆ ಒದ್ದೆ ಕೋಟನ್ನು ತಾನೇ ತಂದು ಬಚ್ಚಲಲ್ಲಿ ನೇತುಹಾಕಿದಳು. "ಅವ್ರಿಗೆ ಭಯ ಅಷ್ಟೇ ಅಮ್ಮ. ಕೋಟು ಕಾಣಿಸ್ದಿದ್ರೆ ಸರಿಹೋಗತ್ತೆ."

ಬಚ್ಚಲಲ್ಲಿ ಅದು ಮುಗ್ಗಲು ವಾಸನೆ ಹಿಡಿಯಿತು. ಮೈಸೂರಿನಲ್ಲಿ ನಮ್ಮಜ್ಜಿ ಮಡಿಬಟ್ಟೆಯನ್ನು ಕೋಲಿನಿಂದೆತ್ತಿ ಗಳದ ಮೇಲೆ ಹರವುತ್ತಿದ್ದರು. ಸ್ಕೂಲಿನಿಂದ ಬಂದ ನಾವು ಹತ್ತಿರ ಸುಳಿದರೆ "ದೂರ, ದೂರ!" ಎಂದು ಚೀರುತ್ತಿದ್ದರು. ನಾವು ಬೇಕೆಂದೇ ಮುಟ್ಟಿ ಓಡುತ್ತಿದ್ದೆವು, ಅವರು ಬೈಯುತ್ತ ಅಟ್ಟಿಸಿಕೊಂಡು ಬರುತ್ತಿದ್ದರು. ಇಲ್ಲಿ ಯಾರೂ ಚೀರಲಿಲ್ಲ. ಲಿಫ್ಟ್ ಬಂದರೆ, ನೀವು ಮೊದಲು ಹೋಗಿ ಎಂದು ಪಕ್ಕದ ಮನೆಯ ಅಜ್ಜಿ ನಗುನಗುತ್ತಲೇ ಹಿಂದೆ ಉಳಿಯುತ್ತಿದ್ದರು. ಜಗಳ ಆಡೋಣವೆಂದರೂ ಒಂದು ಮಾತು ಸಿಗಬೇಡವೇ?

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹೊರಗೆ ಧಡ್ ಎಂದು ಸದ್ದಾಯಿತು. ನಾನೂ ಮಗಳೂ ಓಡಿದೆವು. ಅಜ್ಜಿ ಕಸದ ಚೀಲದ ಸಮೇತ ಕಾರಿಡಾರಿನಲ್ಲಿ ಬಿದ್ದಿದ್ದರು, ಹಣೆಯಿಂದ ರಕ್ತ ಇಳಿಯುತ್ತಿತ್ತು. ಮಗಳು ಮಾಸ್ಕ್ ಸರಿಮಾಡಿಕೊಂಡು ಮಂಡಿಯೂರಿ ಕೈ ಚಾಚಿದಳು. ಅಜ್ಜಿ ಕಣ್ಣು ಬಿಟ್ಟರು. ಇವಳನ್ನು ಗುರುತಿಸಿದ್ದೇ ತಡ, ಆ ನೋವಿನಲ್ಲೂ ಹಿಮ್ಮಡಿ ಊರಿ ಗೋಡೆಯವರೆಗೂ ತೆವಳಿಕೊಂಡು ಹಿಂದೆ ಸರಿದರು. "ದೈಜೋಬು, ದೈಜೋಬು," ಏನೂ ಆಗಿಲ್ಲ ಎನ್ನುತ್ತ ಅಂಗೈ ಅಡ್ಡ ಹಿಡಿದರು.

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬರುವವರೆಗೂ ಮಗಳು ಎದುರಿನ ಗೋಡೆಗೆ ಒರಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಲ್ಲಿಂದಲೇ, ತಲೆ ಅಲ್ಲಾಡಿಸಬೇಡಿ, ಬಟ್ಟೆಯಿಂದ ಹಣೆ ಒತ್ತಿ ಹಿಡಿಯಿರಿ ಎಂದು ಮೆಲ್ಲಗೆ ಹೇಳುತ್ತಿದ್ದಳು. ಅಜ್ಜಿ ಪ್ರತಿ ಸಲವೂ ಅರಿಗಾತೋ ಎಂದು ಧನ್ಯವಾದ ಹೇಳುತ್ತಿದ್ದರು. ಆ ಅರಿಗಾತೋ ಕೇಳಿ ನನಗೆ ಅಲ್ಲೇ ಗೋಳೋ ಎಂದು ಅತ್ತುಬಿಡಬೇಕು ಅನ್ನಿಸಿತು.

ಒಳಗೆ ಬಂದ ಮೇಲೆ ಅವಳು ಸಿಂಕಿನಲ್ಲಿ ಕೈ ತೊಳೆಯತೊಡಗಿದಳು, ಯಾರನ್ನೂ ಮುಟ್ಟದ ಕೈಗಳನ್ನು. ನಾನು ಬಾಯಿಗೆ ಬಂದ ಹಾಗೆ ಅಜ್ಜಿಯನ್ನು ಬೈದೆ. ಅವಳು ನಲ್ಲಿ ನಿಲ್ಲಿಸಿ, ತಾನು ತೊಟ್ಟಿದ್ದ ಹಳದಿ ಟೀ ಶರ್ಟನ್ನೇ ನೋಡಿಕೊಂಡಳು.

"ಅಮ್ಮ, ನಾನು ಕೋಟು ಹಾಕಿರ್ಲಿಲ್ವಲ್ಲ. ಆದ್ರೂ ಹಿಂದೆ ಸರಿದ್ರು," ಅಂದಳು.

ಏಪ್ರಿಲ್‌ನಲ್ಲಿ ವಾರ್ಡಿನ ತರಬೇತಿ ಶುರುವಾಯಿತು. ಹೋಗೇ ಎಂದು ನಾನು ಗೋಗರೆದೆ, ಅವರಪ್ಪ ಗದರಿದರು. ಅವಳ ಜೊತೆಯವರೆಲ್ಲ ಹೋದರು. ಅವಳು ಹೋಗಲಿಲ್ಲ.