ಮೀಟಿಂಗ್ ಇದ್ದ ವಾರ

ನಾನು ನಿವೃತ್ತಳಾಗುವುದಕ್ಕೆ ಮೂರು ವರ್ಷ ಮೊದಲು ಮೈಸೂರಿನ ಪೂರ್ವ ಭಾಗದ ಒಂದು ಪೊಲೀಸ್ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದು ಬೀಟಿಗೆ ಒಬ್ಬ ಕಾನ್‌ಸ್ಟೆಬಲ್‌ನನ್ನೂ ಅಲ್ಲಿನ ನಿವಾಸಿಗಳ ಒಂದು ಸಮಿತಿಯನ್ನೂ ಜೋಡಿಸುವ ವ್ಯವಸ್ಥೆಯಿತ್ತು. ತಿಂಗಳಿಗೊಂದು ಮೀಟಿಂಗ್. ರಾಜೀವನಗರದ ಕಡೆಯ ಒಂದು ಬೀಟಿನಿಂದ ದೂರುಗಳೇ ಬರುತ್ತಿರಲಿಲ್ಲ. ಮೇಲಧಿಕಾರಿಗಳು ಬಂದರೆ ನಾವು ಮೊದಲು ತೋರಿಸುತ್ತಿದ್ದುದು ಅದನ್ನೇ.

ಆ ಸಮಿತಿಯ ಮುಂದಾಳನ್ನು ಇಲ್ಲಿ ನಂಜುಂಡಪ್ಪ ಎಂದು ಕರೆಯುತ್ತೇನೆ. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ, ಸದಾ ನಗುಮುಖ. ಬೀದಿಗೆ ಕ್ಯಾಮೆರಾ ಹಾಕಿಸಿದವನೂ ಆತನೇ. ನಮ್ಮ ಹುಡುಗರಿಗೆಲ್ಲ ‘ನಂಜುಂಡಣ್ಣ’. ಮೀಟಿಂಗ್ ನಡೆಯುತ್ತಿದ್ದುದು ಆತನ ಮನೆಯ ಹಾಲ್‌ನಲ್ಲಿ. ಹೆಂಡತಿ ಶಿವಲೀಲಾ ತಟ್ಟೆ ಹಿಡಿದು ಬಂದು ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು.

ಆ ವರ್ಷ ದಸರಾ ಬಂದೋಬಸ್ತಿನಿಂದಾಗಿ ಎರಡು ತಿಂಗಳು ಮೀಟಿಂಗ್ ತಪ್ಪಿತು. ಒಂದು ಬೆಳಿಗ್ಗೆ, ಅದೇ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ಸ್ಟೆಲ್ಲಾ ನನ್ನ ಜೀಪಿಗೆ ಅಡ್ಡ ಬಂದು, ಮೀಟಿಂಗ್ ಯಾವಾಗ ಎಂದು ಕೇಳಿದರು. ಬೀದಿದೀಪದ ತಕರಾರಿರಬೇಕು ಎಂದುಕೊಂಡೆ. ಅವರು ದನಿ ತಗ್ಗಿಸಿದರು.

“ಬೇಗ ಇಡಿ ಮೇಡಂ. ಮೀಟಿಂಗ್ ಇರೋ ವಾರ ಮಾತ್ರ ಆವಯ್ಯ ಶಿವಲೀಲಕ್ಕನ್ನ ಹೊಡೆಯಲ್ಲ. ಊದಿರೋ ಮುಖ ನಿಮಗೆ ಕಂಡ್ಬುಡ್ತದಲ್ಲ, ಅದಕ್ಕೆ.”

ನನಗೆ ಮೈಯೆಲ್ಲ ಉರಿದುಹೋಯಿತು. 112ಕ್ಕೆ ಯಾಕೆ ಫೋನ್ ಮಾಡಲಿಲ್ಲ ಎಂದೆ. ಮಾಡಿದ್ದರಂತೆ. ಗಸ್ತು ವಾಹನ ಬಂದಿತ್ತು; ಗೇಟಿನಲ್ಲಿ ನಂಜುಂಡಣ್ಣನನ್ನು ಕಂಡು, ಕ್ಷೇಮಸಮಾಚಾರ ವಿಚಾರಿಸಿ ಹೊರಟುಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಆ ಬೇಲಿ ನೆಟ್ಟವರು ನಾವು.

ನೇರವಾಗಿ ಹೋಗಿ ಆತನನ್ನು ಕರೆತರಬಹುದಿತ್ತು. ಆದರೆ ಆಕೆ ಹೆದರಿ, ಏನೂ ಇಲ್ಲ ಎಂದುಬಿಟ್ಟರೆ ನಾವು ಬರಿಗೈಲಿ ವಾಪಸ್ಸು, ಆಮೇಲಿನ ಏಟು ಆಕೆಗೆ. ಹಾಗಾಗಿ ಸರಗಳ್ಳತನದ ಬಗ್ಗೆ ಹೆಂಗಸರಿಗೆ ಮಾತ್ರ ಮೀಟಿಂಗ್ ಎಂದು ಸಮಿತಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಸಿದೆ. ಜಾಗ ಸ್ಟೆಲ್ಲಾ ಅಂಗಡಿ. ನಂಜುಂಡಪ್ಪ ಫೋನ್ ಮಾಡಿ, ತನ್ನ ಮನೆಯಲ್ಲಿ ಏನು ಕಮ್ಮಿಯಾಗಿತ್ತು ಎಂದು ಕೇಳಿದ. ನಿಮ್ಮ ಕೊರಳಲ್ಲಿ ಮಾಂಗಲ್ಯ ಸರ ಇಲ್ಲವಲ್ಲ ಎಂದೆ. ನಕ್ಕು, ಹೆಂಡತಿಯನ್ನು ತಾನೇ ಕಳಿಸಿಕೊಟ್ಟ.

ಸರಗಳ್ಳರ ವಿಷಯ ಮುಗಿದು ಉಳಿದವರು ಹೊರಟರು. ಶಿವಲೀಲಾ ಅಭ್ಯಾಸಬಲದಿಂದ ಎಲ್ಲರ ಲೋಟ ಎತ್ತಿಡತೊಡಗಿದರು. ಕೈ ಹಿಡಿದು ಕೂರಿಸಿ, ಸ್ಟೆಲ್ಲಾ ಹೇಳಿದ್ದು ನಿಜವೇ, ಕಂಪ್ಲೇಂಟ್ ಕೊಡುತ್ತೀರಾ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

“ಬರ್ಕೊಳ್ಳೋರು ಯಾರು ಮೇಡಂ? ನಿಮ್ಮ ಸ್ಟೇಷನ್ನಲ್ಲಿ ಎಲ್ರೂ ನಮ್ಮನೆ ಕಾಫಿ ಕುಡ್ದೋರೇ.”

“ನಾನೂ ಕುಡಿದಿದೀನಿ. ನಾನೇ ಬರ್ಕೋತೀನಿ, ಹೇಳಿ.”

ಹೇಳಿದರು. ಸ್ಟೆಲ್ಲಾ ಸಾಕ್ಷಿ ನುಡಿಯಲು ಒಪ್ಪಿದರು. ಅಂದೇ ವೈದ್ಯಕೀಯ ಪರೀಕ್ಷೆ ಮಾಡಿಸಿ, ಪ್ರಕರಣ ದಾಖಲಿಸಿ, ಸಂಜೆ ಆತನನ್ನು ಅಂಗಡಿಯಿಂದಲೇ ವಶಕ್ಕೆ ಪಡೆದೆವು. ಮಾರನೇ ದಿನ ಸಮಿತಿಯ ಹಿರಿಯರು ಠಾಣೆಗೆ ಬಂದು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ನನಗೇ ಬುದ್ಧಿ ಹೇಳಿದರು. ಆಕೆಯನ್ನು ಆತ ಉಣ್ಣಲೂ ಬಿಟ್ಟಿರಲಿಲ್ಲ, ಮಲಗಲೂ ಬಿಟ್ಟಿರಲಿಲ್ಲ ಎಂದು ನಾನೂ ಸ್ವಲ್ಪ ಗಟ್ಟಿಯಾಗಿಯೇ ಹೇಳಿ ಕಳಿಸಿದೆ.

ಮುಂದಿನ ಮೀಟಿಂಗನ್ನು ಸರ್ಕಾರಿ ಶಾಲೆಯಲ್ಲಿ ಇಟ್ಟೆ. ಗಂಡಸರಲ್ಲಿ ಹೆಚ್ಚಿನವರು ಮುನಿಸಿಕೊಂಡು ಬರಲಿಲ್ಲ. ಶಿವಲೀಲಾ ಬಂದು ಎರಡನೇ ಸಾಲಿನಲ್ಲಿ ಕೂತರು. ದೂರು ಬಂದರೆ ವಿಚಾರಿಸುವುದು ಪ್ರತಿ ಪೊಲೀಸಿನವರಿಗೂ ಗೊತ್ತು. ದೂರೇ ಬಾರದ ಬೀದಿಯನ್ನೂ ವಿಚಾರಿಸಬೇಕೆಂದು ಈ ಕೆಲಸ ನನಗೆ ಕಲಿಸಿದ್ದು ಆ ದಿನ. ಯಾರಿಗಾದರೂ ತೊಂದರೆ ಇದೆಯೇ ಎಂದು ವಾಡಿಕೆಯಂತೆ ಕೇಳಿದೆ. ನಾನು ಎಂದೂ ನೋಡಿರದ ಒಬ್ಬ ಹೆಂಗಸು ಹಿಂದಿನ ಬೆಂಚಿನಿಂದ ಎದ್ದು ನಿಂತರು.

“ಮೇಡಂ, ನಮ್ಮನೇದೂ ಒಂದಿದೆ. ಬರ್ಕೋತೀರಾ?”