ತವರಿಲ್ಲದ ಕೆಂಪು ಗಾಡಿ

ನಿನ್ನೆ ಬೆಳಿಗ್ಗೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೂಲೆಗೆ ಹೋಗಿ ತಾಡಪತ್ರಿ ಎಳೆದೆ. ಪೆಟ್ರೋಲು, ಇಲಿಯ ಉಚ್ಚೆ, ಬಿಸಿಲಿಗೆ ಸುಟ್ಟ ರೆಗ್ಜಿನ್ನು, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಕೆಟ್ಟ ವಾಸನೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ನನಗೆ ಅದು ರೂಢಿಯಾಗಿ ಬಹಳ ವರ್ಷಗಳಾದವು, ಗಂಡನ ಬೀಡಿ ವಾಸನೆಯ ಹಾಗೆ.

ತಾಡಪತ್ರಿಯ ಕೆಳಗಿರುವುದು ಒಂದು ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಎತ್ತರ ನನ್ನ ಸೊಂಟದಷ್ಟು. ನಮ್ಮ ಬಿಜ್ಜರಗಿಯಲ್ಲಿ ಇಂಥದು ಇನ್ನೊಂದಿಲ್ಲ. ಇರಬೇಕಾದ ಅಗತ್ಯವೂ ಇಲ್ಲ.

ಅದನ್ನು ನೋಡಲು ಹೋದದ್ದು ಗಂಗವ್ವನ ಫೋನು ಬಂದದ್ದಕ್ಕೆ. ಗಂಗವ್ವ ಇರುವುದು ಮಮದಾಪುರದಲ್ಲಿ. ನಮ್ಮ ಗಾಡಿಯ ಗೇರಿನೊಳಗೆ ಒಂದು ಹಲ್ಲಿನ ಚಕ್ರವಿದೆ, ಮುಷ್ಟಿಯಷ್ಟು ದೊಡ್ಡದು. ಒಂದು ಕಾಲಕ್ಕೆ ಅವಳೇ ಕೊಟ್ಟದ್ದು. ಈಗ ಅದು ಅವಳಿಗೆ ಬೇಕಾಗಿದೆ. ಬಾಯಿಬಿಟ್ಟು ಕೇಳಲು ಅವಳಿಗೆ ಆಗಲಿಲ್ಲ, "ಯಕ್ಕಾ, ಅದ ಐತಲ್ಲಾ, ಅದು..." ಎಂದು ಎಳೆದಾಡಿದಳು. ಚಕ್ರ ತೆಗೆದರೆ ನಮ್ಮ ಗಾಡಿ ಸತ್ತಂತೆ. ತೆಗೆಯದಿದ್ದರೆ ಅವಳ ಮನಸ್ಸು ಮುರಿದಂತೆ. ಇನ್ನೂ ಒಂದು ತೊಡಕಿದೆ, ಅದು ಗೊತ್ತಾಗಬೇಕಾದರೆ ಗಾಡಿ ನಮ್ಮ ಮನೆಗೆ ಬಂದ ಕಥೆ ಕೇಳಬೇಕು. ನಾನು ಮೂರನೆಯ ಇಯತ್ತೆ ಕಲಿತವಳು, ನೆಟ್ಟಗೆ ಹೇಳಲು ಬರುವುದಿಲ್ಲ. ನೀವೇ ಸುಧಾರಿಸಿಕೊಳ್ಳಬೇಕು.

ನಮ್ಮ ಮನೆಯವರಿಗೆ ಹರೆಯದಲ್ಲಿ ಓಟದ ಎತ್ತಿನ ಹುಚ್ಚು. ಖಿಲಾರಿ ಹೋರಿ ಎಂದರೆ ಊಟ ಬಿಟ್ಟು ಹೋಗುವವರು. ವಯಸ್ಸಾದ ಮೇಲೆ ಓಟದ ಚಕ್ಕಡಿ ಹೊಡೆಯುವುದನ್ನು ಬಿಟ್ಟರೂ ಹುಚ್ಚು ಎಲ್ಲಿಗೆ ಹೋಗುತ್ತದೆ. ಒಮ್ಮೆ ವಿಜಯಪುರಕ್ಕೆ ಹಲ್ಲು ಕೀಳಿಸಲು ಹೋದವರು, ಗುಮ್ಮಟದ ಹಿಂದಿನ ಓಣಿಯಲ್ಲಿ ಒಬ್ಬ ಗುತ್ತೇದಾರರ ಮನೆಯ ಮುಂದೆ ಈ ಗಾಡಿ ನಿಂತದ್ದನ್ನು ನೋಡಿ, ದವಡೆಯಲ್ಲಿ ಹತ್ತಿ ಇಟ್ಟುಕೊಂಡೇ ಮನೆಗೆ ಬಂದು, "ನಾಳಿ ನೀ ನನ್ನ ಕೂಡ ಬಾ, ಒಂದು ನೋಡೋದೈತಿ" ಎಂದರು.

ನನ್ನನ್ನು ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿ. ಎತ್ತು ಕೊಳ್ಳುವಾಗ ಸುಳಿ, ಹಲ್ಲು, ಗೊರಸು ಅವರು ನೋಡುತ್ತಾರೆ. ನಾನು ಎದುರಿಗೆ ನಿಂತು ಸೆರಗು ಒಡ್ಡುತ್ತೇನೆ. ಎತ್ತು ಬಂದು ಸೆರಗು ಮೂಸಿದರೆ ನಮ್ಮದು, ಕೊಂಬು ಬೀಸಿದರೆ ಅವರದೇ. ಗುಣ ನೋಡುವ ಕೆಲಸ ಹೆಂಗಸರದು.

ಗಾಡಿಯನ್ನೂ ಅವರು ಹಾಗೆಯೇ ನೋಡಿದರು. ಸುತ್ತು ಬಂದರು, ಗಾಲಿಗೆ ಒದ್ದರು, ಬಾಗಿ ಹೊಟ್ಟೆಯ ಕೆಳಗೆ ಕಣ್ಣು ಹಾಯಿಸಿದರು. ಆಮೇಲೆ ಮುಂದಿನ ಮುಚ್ಚಳ ಎತ್ತಿಸಿದರು. ಒಳಗೆ ಏನೂ ಇಲ್ಲ, ಒಂದು ಹೆಚ್ಚಿನ ಗಾಲಿ ಮಲಗಿದೆ ಅಷ್ಟೆ.

"ಇದಕ್ಕ ಎಂಜಿನ್ನ ಇಲ್ಲಲ್ರಿ" ಎಂದೆ ನಾನು.

"ಹಿಂದ ಐತ್ರಿ ಅವ್ವಾರ" ಎಂದರು ಗುತ್ತೇದಾರರು. "ಓಡೋ ಗಾಡಿಗೆ ಹಿಂದ ಇರತೈತಿ."

"ಮಿದುಳ ಹಿಂದ ಇರೋವ್ರನ್ನ ನಾ ಮನ್ಯಾಗ ಒಬ್ಬರನ್ನ ಇಟಗೊಂಡೇನಿ. ಇನ್ನೊಂದ ಯಾಕ" ಎಂದೆ.

ಗುತ್ತೇದಾರರು ಒಳ್ಳೆಯ ಮನುಷ್ಯರು, ಏನನ್ನೂ ಮುಚ್ಚಿಡಲಿಲ್ಲ. ಇದನ್ನು ಮಾಡಿದ ಕಂಪನಿ ಬಾಗಿಲು ಮುಚ್ಚಿದೆ, ಕಾರಖಾನೆಯಲ್ಲಿ ಈಗ ಯಾರೂ ಇಲ್ಲ, ಏನಾದರೂ ಮುರಿದರೆ ಸಾಮಾನು ಸಿಗುವುದಿಲ್ಲ, ಅದಕ್ಕೇ ಮಾರುತ್ತಿದ್ದೇನೆ ಎಂದರು. ನಮ್ಮವರು ಕೇಳಿದರೋ ಇಲ್ಲವೋ, ಸೀಟಿನಲ್ಲಿ ಕೂತು ಸ್ಟೇರಿಂಗು ಹಿಡಿದು ಬಾಯಲ್ಲಿ ಹುರ್ರ್ ಎನ್ನುತ್ತಿದ್ದರು. ಧೋತರ, ತಲೆಯ ಮೇಲೆ ರುಮಾಲು, ರುಮಾಲಿನ ತುದಿ ಮೇಲಿನ ತಗಡಿಗೆ ತಾಗಿ ಬಗ್ಗಿತ್ತು.

ನಾನು ಕಿವಿಯ ಹತ್ತಿರ ಹೋಗಿ ಹೇಳಿದೆ, "ಇದರ ತವರಮನಿ ಸತ್ತೈತ್ರಿ. ತವರ ಇಲ್ಲದ್ದನ್ನ ತಂದರ ನಾಳೆ ಜಡ್ಡಾದ್ರ ಎಲ್ಲಿ ಕಳಸ್ತೀರಿ?"

ಅವರು ಸ್ಟೇರಿಂಗು ಬಿಡದೆ ಹೇಳಿದರು, "ತವರ ಇಲ್ಲದಾಕೀನ್ನ ಇಷ್ಟ ವರ್ಷ ನಡಸೇನಿ. ಇದೇನ ಮಹಾ."

"ನಡಸಿದಾಕಿ ನಾನು" ಎಂದೆ.

ಹಾಗೆ ಹೇಳಿದರೂ ಮಾತು ನನಗೆ ತಾಗಿತು. ನಾನು ಹುಟ್ಟಿದ್ದು ಘೋಣಸಗಿಯಲ್ಲಿ. ತಿಳಿವಳಿಕೆ ಬರುವ ಮೊದಲೇ ಅವ್ವ ಅಪ್ಪ ಹೋದರು. ಸಾಕಿದ ಸೋದರಮಾವ ನನ್ನ ಮದುವೆ ಮಾಡಿ ಕೈತೊಳೆದುಕೊಂಡು ಮಹಾರಾಷ್ಟ್ರದ ಕಡೆ ಹೋದವನು ತಿರುಗಿ ಬರಲಿಲ್ಲ. ಹೆಣ್ಣು ನೋಡಲು ಬಂದಾಗ ನಮ್ಮ ಅತ್ತೆ ನಾನು ಕೇಳುವ ಹಾಗೆಯೇ ಅಂದಿದ್ದಳು, "ತವರ ಇಲ್ಲ. ಪಂಚಮಿಗೆ ಎಲ್ಲಿ ಕಳಸೋದು?" ನಮ್ಮವರಿಗೆ ಆಗ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೂ ಹೇಳಿದರು, "ಕಳಸೋದ ಇಲ್ಲಂದ್ರ ಚಲೋ ಆತಲ್ಲ. ಇಲ್ಲೇ ಇರತಾಳ." ಆ ಮಾತಿಗೆ ನಾನು ಅವರನ್ನು ಒಪ್ಪಿದೆ. ಅವರು ನನ್ನನ್ನು ಯಾಕೆ ಒಪ್ಪಿದರೋ ಕೇಳಿಲ್ಲ.

ಮುಂದೆ ಪ್ರತಿ ನಾಗರಪಂಚಮಿಗೆ ಓಣಿಯ ಸೊಸೆಯಂದಿರು ತವರಿಗೆ ಹೋಗುವರು. ಅಣ್ಣನೋ ತಮ್ಮನೋ ಕರೆಯಲು ಬರುವನು. ನಾನು ಅವರ ಮನೆಯ ಎಮ್ಮೆಗಳನ್ನೂ ಸೇರಿಸಿ ಹಿಂಡುತ್ತಿದ್ದೆ. ಅಳುತ್ತ ಕೂಡುವ ಸ್ವಭಾವ ನನ್ನದಲ್ಲ. ಹಾಲು ಜಾಸ್ತಿ ಬರುತ್ತಿತ್ತು.

ಇರಲಿ. ಗಾಡಿ ತಂದೆವು. ಮೊದಲು ಎದುರಿಗೆ ನಿಂತು ಸೆರಗು ಒಡ್ಡಿ ನೋಡಿದ್ದೆ, ಅದು ಮೂಸಲಿಲ್ಲ, ಹಾಯಲೂ ಇಲ್ಲ. ತಿಕೋಟಾ ರಸ್ತೆಗೆ ಬಿದ್ದದ್ದೇ ತಡ, ನಮ್ಮವರು ಕಾಲು ಒತ್ತಿದರು. ಗಾಡಿ ಹಿಂದಿನಿಂದ ಹುಲಿಯ ಹಾಗೆ ಗುರುಗುಟ್ಟಿತು, ನನ್ನ ಬೆನ್ನು ಸೀಟಿಗೆ ಅಂಟಿತು, ಸೆರಗು ಬಾಯಿಗೆ ಬಂತು. ಮುಂದೆ ಹೋಗುತ್ತಿದ್ದ ಬಸ್ಸು ಹಿಂದೆ ಉಳಿಯಿತು. ಅಷ್ಟು ಜೋರಾಗಿ ನಾನು ಜನ್ಮದಲ್ಲಿ ಹೋಗಿರಲಿಲ್ಲ. "ಹೆಂಗೈತಿ?" ಎಂದು ಕೇಳಿದರು. "ರಸ್ತೆ ನೋಡ್ರಿ" ಎಂದೆ. ನಿಜ ಹೇಳಬೇಕೆಂದರೆ ಚಲೋ ಅನ್ನಿಸಿತ್ತು, ಆದರೆ ಹೇಳಿದ್ದರೆ ಇನ್ನೂ ಒತ್ತುತ್ತಿದ್ದರು.

ತಿಕೋಟಾ ದಾಟಿ ನಮ್ಮ ಹೊಲದ ದಾರಿಗೆ ಇಳಿದಾಗ ಗೊತ್ತಾಯಿತು, ನಾವು ಒಂದನ್ನು ನೋಡುವುದು ಮರೆತಿದ್ದೆವು. ಗೊರಸು ನೋಡಿದ್ದೆವು, ಹೊಟ್ಟೆ ನೋಡಿದ್ದೆವು, ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರವಿದೆ ಎಂದು ನೋಡಿರಲಿಲ್ಲ. ಎತ್ತಿಗೆ ಅದನ್ನು ಯಾರು ನೋಡುತ್ತಾರೆ? ಚಕ್ಕಡಿ ಹೋಗಿ ಹೋಗಿ ಎರಡೂ ಬದಿ ತಗ್ಗು ಬಿದ್ದ ದಾರಿ, ನಡುವೆ ದಿಬ್ಬ. ಗಾಡಿ ದಿಬ್ಬದ ಮೇಲೆ ಹೊಟ್ಟೆ ಊರಿ ಮಲಗಿತು. ಗಾಲಿ ಗಾಳಿಯಲ್ಲಿ ತಿರುಗಿದವು. ಕೊನೆಗೆ ನಮ್ಮ ಮಗ ಮಲ್ಲು ಮನೆಯಿಂದ ಎತ್ತು ತಂದು, ಮುಂದೆ ಹಗ್ಗ ಕಟ್ಟಿ ಎಳೆಸಿದ. ದಾರಿಯ ಪಕ್ಕ ಕುರಿ ಕಾಯುತ್ತಿದ್ದ ಮುದುಕ ಕೇಳಿದ, "ಎತ್ತಿಗಿಂತ ಜೋರ ಓಡತೈತೇನ್ರಿ ಇದು?" ನಮ್ಮವರು ಒಳಗೇ ಕೂತು ಹೇಳಿದರು, "ಎತ್ತ ಜೋರ ನಡದ್ರ ಓಡತೈತಿ."

ಒಂದು ವರ್ಷ ಸುಖವಾಗಿ ನಡೆಯಿತು. ಆಮೇಲೆ ಗೇರಿನಲ್ಲಿ ಕಟ್ ಎಂದು ಸದ್ದಾಗಿ ನಿಂತಿತು. ವಿಜಯಪುರದ ಮಿಸ್ತ್ರಿ ಬಿಚ್ಚಿ, ಹಲ್ಲು ಮುರಿದ ಚಕ್ರವನ್ನು ಅಂಗೈಯಲ್ಲಿಟ್ಟು ತೋರಿಸಿ, "ಇದೊಂದ ಸಿಕ್ಕರ ಎಲ್ಲಾ ಸರಿ, ಆದರ ಇದು ಸಿಗಂಗಿಲ್ಲ" ಎಂದ. ಸೊಲ್ಲಾಪುರದಲ್ಲಿ ಕೇಳಿದರು, ಬೆಳಗಾವಿಯಲ್ಲಿ ಕೇಳಿದರು. ಎಲ್ಲರೂ ಕಂಪನಿ ಹೆಸರು ಕೇಳಿ ತಲೆ ಅಲ್ಲಾಡಿಸಿದರು. ಗಾಡಿ ಶೆಡ್ಡಿಗೆ ಬಂತು. ನಮ್ಮವರು ಸಂಜೆ ಅದರೊಳಗೆ ಕೂತು ಗುಗ್ಗರಿ ತಿನ್ನುತ್ತಿದ್ದರು. ನಾನೇ ಹೇಳಿದ್ದೆ ಎಂದು ನಾನು ಅನ್ನಲಿಲ್ಲ. ಎರಡು ಸಲ ಅಂದೆ ಅಷ್ಟೆ.

ಆಗ ಗುತ್ತೇದಾರರು ಫೋನಿನಲ್ಲಿ ಹೇಳಿದರು, ನಾವು ಅಣ್ಣತಮ್ಮಂದಿರು ಜೋಡೆತ್ತಿನ ಹಾಗೆ ಜೋಡಿ ಗಾಡಿ ಕೊಂಡಿದ್ದೆವು, ತಮ್ಮನ ಬಿಳಿಯದು ಮಮದಾಪುರದ ಸಿದಗೊಂಡನಿಗೆ ಹೋಗಿದೆ ಎಂದು. ಮರುದಿನವೇ ಬಸ್ಸು ಹಿಡಿದೆವು, ಬಬಲೇಶ್ವರದಲ್ಲಿ ಇಳಿದು ಇನ್ನೊಂದು ಬಸ್ಸು.

ಸಿದಗೊಂಡನ ದನದ ಕೊಟ್ಟಿಗೆಯಲ್ಲಿ ಬಿಳಿ ಗಾಡಿ ನಿಂತಿತ್ತು. ಎಂಜಿನ್ನು ಸುಟ್ಟಿತ್ತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅವನ ಮಗಳು ರೇಣುಕಾ, ಆಗ ಲಂಗ ತೊಡುವ ಹುಡುಗಿ, ಕಿಟಕಿಯಿಂದ ಕೈಹಾಕಿ ತತ್ತಿ ತೆಗೆಯುತ್ತಿದ್ದಳು. ಸಿದಗೊಂಡ ನಮ್ಮ ಮಾತು ಪೂರಾ ಕೇಳಿ, "ನಾ ಏನೂ ಮಾರಂಗಿಲ್ರಿ. ಇವತ್ತಲ್ಲ ನಾಳೆ ಇದನ್ನ ನಾ ಎಬ್ಬಸಾಂವ" ಎಂದ. ನಮ್ಮವರಿಗೆ ಸಿಟ್ಟು ಬರಲಿಲ್ಲ. ತಾವಾಗಿದ್ದರೂ ಹಾಗೇ ಹೇಳುತ್ತಿದ್ದರು.

ಅವನ ಹೆಂಡತಿ ಗಂಗವ್ವ ನನಗೆ ಮಜ್ಜಿಗೆ ಕೊಟ್ಟು, ಹೆಂಗಸರು ಮೊದಲು ಕೇಳುವುದನ್ನೇ ಕೇಳಿದಳು, "ತವರ ಯಾವೂರ ಯಕ್ಕಾ?"

"ಇಲ್ಲ" ಎಂದೆ.

"ಇಲ್ಲಂದ್ರ?"

"ಇಲ್ಲಂದ್ರ ಇಲ್ಲ. ಗಾಡೀದೂ ಇಲ್ಲ, ನಂದೂ ಇಲ್ಲ."

ನಾನು ನಗಿಸಲು ಹೇಳಿದ್ದು. ಅವಳು ನಗಲಿಲ್ಲ. ಎದ್ದು ಗಂಡನ ಹತ್ತಿರ ಹೋಗಿ, "ಮಿಸ್ತ್ರಿಗೆ ಹೇಳಿ ಕಳಸ್ರಿ, ಬಿಚ್ಚಲಿ" ಎಂದಳು. ಅವನು "ಮಾರಂಗಿಲ್ಲ ಅಂತ ಈಗ ಅಂದೇನ ಬೇ" ಎಂದ. "ನೀವು ಮಾರಬ್ಯಾಡ್ರಿ. ನಾ ಕೊಡಾಕತ್ತೇನಿ" ಎಂದಳು.

ಮಿಸ್ತ್ರಿ ಮರುದಿನ ಬರುವವನಿದ್ದ, ಅಲ್ಲೇ ಉಳಿದೆವು. ಬೆಳಿಗ್ಗೆ ಪಟ ಪಟ ಸದ್ದಿಗೆ ಎಚ್ಚರವಾಯಿತು. ಯಾರೋ ರೊಟ್ಟಿ ಬಡಿಯುತ್ತಿದ್ದರು. ಮದುವೆಯಾದಂದಿನಿಂದ ಆ ಸದ್ದು ನನ್ನ ಕೈಯಿಂದಲೇ ಬರುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಅದನ್ನು ಕೇಳಿದ್ದು ಅದೇ ಮೊದಲು. ಎದ್ದು ಹೋಗಿ ಕೈಹಚ್ಚಬೇಕು ಅನ್ನಿಸಿತು, ಆದರೂ ಮಲಗಿಯೇ ಇದ್ದೆ. ರೊಟ್ಟಿ ಸ್ವಲ್ಪ ದಪ್ಪ ಇದ್ದವು.

ಹೊರಡುವಾಗ ಗಂಗವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆಅಡಿಕೆ, ಒಂದು ಕುಪ್ಪಸದ ಖಣ. ಅವುಗಳ ಮೇಲೆ ಆ ಕಬ್ಬಿಣದ ಹಲ್ಲಿನ ಚಕ್ರ. ಇಳಕಲ್ ಸೀರೆಯ ಸೆರಗಿಗೆ ಎಣ್ಣೆಯ ಕಲೆ ಬಿತ್ತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. "ಇನ್ನ ಮ್ಯಾಲ ಯಾರರ ಕೇಳಿದ್ರ ಮಮದಾಪುರ ಅನ್ನು ಯಕ್ಕಾ" ಎಂದಳು. ರೇಣುಕಾ ಅಂದಿನಿಂದ ನನ್ನನ್ನು ಅತ್ತಿ ಎನ್ನುತ್ತಾಳೆ. ಚಕ್ರ ಕೂರಿಸಿದ ಮೇಲೆ ನಮ್ಮ ಗಾಡಿ ಮತ್ತೆ ಎದ್ದಿತು, ಆದರೂ ಅಷ್ಟು ದೂರ ಅದನ್ನು ಒಯ್ಯಲಿಲ್ಲ. ವರ್ಷಕ್ಕೊಮ್ಮೆ ಹೋಗಿ ಬರುವುದು ರೂಢಿಯಾಯಿತು, ಆದರೆ ಕರೆಯಲು ಯಾರೂ ಬರುತ್ತಿರಲಿಲ್ಲ, ಬಸ್ಸು ಹಿಡಿದು ನಾವಿಬ್ಬರೇ ಹೋಗುತ್ತಿದ್ದೆವು.

ಈಗ ತೊಡಕು ಏನೆಂದು ತಿಳಿಯಿತಲ್ಲ. ಉಡಿಯಲ್ಲಿ ಬಿದ್ದದ್ದನ್ನು ತಿರುಗಿ ಕೊಡಬಾರದು. ಕೊಟ್ಟರೆ ಸಂಬಂಧ ಹರಿದಂತೆ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು, ಗಂಗವ್ವನಿಗೂ ಗೊತ್ತು. ಅದಕ್ಕೇ ಅವಳ ಬಾಯಿ ತೊದಲಿದ್ದು. ರೇಣುಕಾ ಈಗ ಬಬಲೇಶ್ವರದ ಸಾಲಿಯಲ್ಲಿ ಟೀಚರು. ಅಪ್ಪ ಎಬ್ಬಿಸುತ್ತೇನೆ ಎನ್ನುತ್ತಲೇ ಉಳಿದ ಗಾಡಿಯನ್ನು ತಾನು ಎಬ್ಬಿಸಲು ಹೊರಟಿದ್ದಾಳೆ. ಬೇರೆ ಎಂಜಿನ್ನು ಕೂರಿಸಿದ್ದಾಳೆ. ಎಲ್ಲಾ ಸಿಕ್ಕಿದೆ, ಚಕ್ರವೊಂದು ಬಿಟ್ಟು.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಲ್ಲು ಹೇಳಿದ, "ಕೊಟ್ಟ ಬಿಡಬೇ. ಅಪ್ಪಗ ಹೆಂಗೂ ಅದರಾಗ ಕೂಡ್ರಾಕ ಆಗಂಗಿಲ್ಲ." ಅದು ನಿಜ. ನಮ್ಮವರ ಮೊಣಕಾಲು ಈಗ ಮಡಚುವುದಿಲ್ಲ. ಅಷ್ಟು ಕೆಳಗಿನ ಸೀಟಿಗೆ ಇಳಿದರೆ ಎತ್ತಲು ಇಬ್ಬರು ಬೇಕು.

ನಮ್ಮವರು ತುತ್ತು ನುಂಗಿ ಹೇಳಿದರು, "ಉಡ್ಯಾಗಿಂದು ತಿರುಗಿ ಕೊಡತಾರೇನ ಲೇ." ಆಮೇಲೆ ನನ್ನ ಕಡೆ ನೋಡಿದರು. ಗಾಡಿ ಉಳಿಯಲಿ ಎಂದೋ, ನನ್ನ ತವರು ಉಳಿಯಲಿ ಎಂದೋ, ಮುಖ ನೋಡಿ ತಿಳಿಯಲಿಲ್ಲ. ಎರಡೂ ಇದ್ದೀತು.

ಇಡೀ ರಾತ್ರಿ ಯೋಚಿಸಿದೆ ಎಂದು ಹೇಳುವುದಿಲ್ಲ, ಚೆನ್ನಾಗಿ ನಿದ್ದೆ ಬಂತು. ಇವತ್ತು ಬೆಳಿಗ್ಗೆ ಮುಖ ತೊಳೆಯುವಾಗ ಹೊಳೆಯಿತು. ಉಡಿಯಲ್ಲಿದ್ದದ್ದನ್ನು ತವರಿಗೆ ತಿರುಗಿ ಕೊಡಬಾರದು, ಸರಿ. ಆದರೆ ಉಡಿ ತುಂಬಿಸಿಕೊಂಡವಳು ತವರಿಗೆ ಹೋಗಬಾರದು ಎಂದು ಯಾರು ಹೇಳಿದ್ದಾರೆ? ಆಮೇಲೆ ಅವಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ತವರಿನವರ ವಿಚಾರ.

ಗಂಗವ್ವನಿಗೆ ಫೋನು ಹಚ್ಚಿದೆ. "ಚಕ್ರ ಕೊಡಂಗಿಲ್ಲ" ಎಂದೆ. "ಚಕ್ರದ ಸುದ್ದಾ ಗಾಡೀನ ಕಳಸ್ತೇನಿ. ಪಂಚಮಿ ಬಂತು. ಕರಿಯಾಕ ಯಾರನ್ನರ ಕಳಸು" ಎಂದೆ. ಅವಳು ಮೂಗು ಒರೆಸಿದ್ದು ಕೇಳಿಸಿತು. ಅದನ್ನು ಕೇಳುತ್ತ ಕೂಡಲು ನನಗೆ ಪುರಸತ್ತಿರಲಿಲ್ಲ, ಇಟ್ಟುಬಿಟ್ಟೆ.

ಮಧ್ಯಾಹ್ನದೊಳಗೆ ರೇಣುಕಾ ಬಂದಳು. ಮಲ್ಲು ಬ್ಯಾಟರಿ ಹಾಕಿದ, ಗಾಡಿ ಕೆಮ್ಮಿ ಎದ್ದಿತು. ಹೊಲದ ದಾರಿಗೆ ಈಗ ಸಿಮೆಂಟು ಹಾಕಿದ್ದಾರೆ, ಎತ್ತು ಬೇಕಿಲ್ಲ. ಇರುವುದು ಎರಡೇ ಸೀಟು. ಒಂದರಲ್ಲಿ ರೇಣುಕಾ ಕೂತು ಸ್ಟೇರಿಂಗು ಹಿಡಿದಳು. ಇನ್ನೊಂದರಲ್ಲಿ ನಾನು, ಎಣ್ಣೆಯ ಕಲೆಯ ಇಳಕಲ್ ಸೀರೆ ಉಟ್ಟುಕೊಂಡು.

ನಮ್ಮವರು ಕೋಲು ಊರಿಕೊಂಡು ಬಂದು ರುಮಾಲು ಬಿಚ್ಚಿ ಮುಂದಿನ ಗಾಜು ಒರೆಸಿದರು. ಗಾಜು ಸ್ವಚ್ಛವೇ ಇತ್ತು. "ಮೂರನೇ ಗೇರಿನಾಗ ಸ್ವಲ್ಪ ಜಗ್ಗತೈತಿ, ಬೈಬ್ಯಾಡ" ಎಂದು ರೇಣುಕಾಗೆ ಹೇಳಿದರು. ಆಮೇಲೆ ನನ್ನ ಬದಿಯ ಕಿಟಕಿಗೆ ಬಗ್ಗಲು ನೋಡಿ, ಬಗ್ಗಲಾಗದೆ, ನಿಂತಲ್ಲಿಂದಲೇ ಕೇಳಿದರು, "ನೀ ಯಾವಾಗ ಬರ್ತಿ?"

ಇಷ್ಟು ವರ್ಷದಲ್ಲಿ ಅವರು ನನಗೆ ಈ ಮಾತು ಕೇಳಿರಲಿಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ.

"ಪಂಚಮಿ ಮುಗೀಲಿ" ಎಂದೆ. "ಆಮ್ಯಾಲ ನೋಡೋಣು."